ಊರು ಹೇಳಿದರೆ ಸಾಕು, ಮನೆ ಬಾಗಿಲು ಯಾಕೆ? ಫೋನಿನ ಲೊಕೇಶನ್ ಹತೋಟಿಗೆ ತರುವ ಸಮಗ್ರ ಮಾರ್ಗದರ್ಶಿ

ಹೋದ ತಿಂಗಳು ತಿಪಟೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ಎಲೆ ಅಡಿಕೆ ತಟ್ಟೆ ಜೊತೆಗೆ ಅವರ ಫೋನೂ ನನ್ನ ಮುಂದೆ ಬಂತು. "ಬೆಳಿಗ್ಗೆ ಫುಲ್ ಚಾರ್ಜ್ ಮಾಡಿದ್ರೆ ಮಧ್ಯಾಹ್ನಕ್ಕೇ ಖಾಲಿ ಕಣೋ, ಏನಾಗಿದೆ ನೋಡು" ಅಂದರು. ನೋಡಿದೆ. 31 ಆಪ್‌ಗಳಿಗೆ ಲೊಕೇಶನ್ ಅನುಮತಿ ಕೊಟ್ಟಿದ್ದರು. ಅದರಲ್ಲಿ ನಾಲ್ಕಕ್ಕೆ ಹಗಲೂ ರಾತ್ರಿ, ಆಪ್ ಮುಚ್ಚಿದ್ದರೂ ಸರಿ. ಆ ನಾಲ್ಕರಲ್ಲಿ ಒಂದು ಟಾರ್ಚ್ ಆಪ್, ಇನ್ನೊಂದು ಪಂಚಾಂಗದ ಆಪ್.

ಟಾರ್ಚ್‌ಗೆ ಲೊಕೇಶನ್ ಬೇಡ, ಅದರಲ್ಲಿ ಚರ್ಚೆಯೇ ಇಲ್ಲ. ಪಂಚಾಂಗದ ಕಥೆ ಸ್ವಲ್ಪ ಬೇರೆ. ರಾಹುಕಾಲದ ಲೆಕ್ಕ ನಿಂತಿರುವುದು ಸೂರ್ಯೋದಯ, ಸೂರ್ಯಾಸ್ತದ ಮೇಲೆ. ಅವು ಊರಿಂದ ಊರಿಗೆ ಬದಲಾಗುತ್ತವೆ. ರೇಖಾಂಶ ಒಂದು ಡಿಗ್ರಿ ಸರಿದರೆ ನಾಲ್ಕು ನಿಮಿಷ. ಹಾಗಾಗಿ ನೀವೆಲ್ಲಿದ್ದೀರಿ ಅಂತ ಅದು ಕೇಳುವುದು ನ್ಯಾಯವೇ. ಆದರೆ ಎಷ್ಟು ಹತ್ತಿರ ಬಂದು ಕೇಳಬೇಕು? ಎರಡು ಕಿಲೋಮೀಟರ್ ಆಚೀಚೆ ಆದರೆ ನಮ್ಮ ಕಡೆ ಸೂರ್ಯೋದಯಕ್ಕೆ ಐದು ಸೆಕೆಂಡಿನ ವ್ಯತ್ಯಾಸವೂ ಬರುವುದಿಲ್ಲ. ತಿಪಟೂರು ಅಂತ ಗೊತ್ತಾದರೆ ಸಾಕಲ್ವಾ, ಚಿಕ್ಕಮ್ಮನ ಮನೆಯ ಹಸಿರು ಗೇಟು ಯಾಕೆ ಬೇಕು?

ಮುಂದೆ ಬರೆದಿರುವುದೆಲ್ಲ ಈ ಒಂದೇ ಪ್ರಶ್ನೆಯ ಮೇಲೆ ಓಡುತ್ತದೆ: ಯಾವ ಆಪ್ ಬಾಗಿಲಿನವರೆಗೆ ಬರಬೇಕು, ಯಾವುದಕ್ಕೆ ಊರು ಸಾಕು, ಯಾವುದಕ್ಕೆ ಏನೂ ಬೇಡ. ಅರ್ಧ ಗಂಟೆ ಕೂತರೆ ಮುಗಿಯುವ ಕೆಲಸ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದು ಇರುವ ಫೋನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದೊಂದು ಕಂಪನಿಯ ಫೋನಿನಲ್ಲಿ ಮೆನು ಒಂದೊಂದು ಕಡೆ ಇರುತ್ತದೆ. ಸಿಗದಿದ್ದರೆ ಹುಡುಕಾಡಬೇಡಿ, ಸೆಟ್ಟಿಂಗ್ಸ್‌ನ ಮೇಲ್ಗಡೆ ಇರುವ ಹುಡುಕು ಪಟ್ಟಿಯಲ್ಲಿ ಆ ಹೆಸರು ಬರೆಯಿರಿ, ಬರುತ್ತದೆ.

ಮೊದಲು: ಫೋನಿಗೆ ನೀವೆಲ್ಲಿದ್ದೀರಿ ಅಂತ ಗೊತ್ತಾಗುವುದು ಹೇಗೆ

ಜಿಪಿಎಸ್ ಉಪಗ್ರಹ ನಮ್ಮನ್ನು ಮೇಲಿಂದ ನೋಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಅದು ರೇಡಿಯೋ ಸ್ಟೇಷನ್ ಇದ್ದ ಹಾಗೆ, ಬರೀ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಹಲವು ಉಪಗ್ರಹಗಳ ಸಿಗ್ನಲ್ ಬಂದು ತಲುಪಿದ ಸಮಯ ನೋಡಿ ಲೆಕ್ಕ ಹಾಕುವುದು ನಿಮ್ಮ ಫೋನೇ. ಲೆಕ್ಕ ಆಗುವವರೆಗೆ ಅದು ನಿಮ್ಮ ಕೈಯಲ್ಲೇ ಇರುತ್ತದೆ. ತಾಪತ್ರಯ ಶುರುವಾಗುವುದು ಆಮೇಲೆ, ಆ ಉತ್ತರವನ್ನು ಯಾವುದಾದರೂ ಆಪ್ ಎತ್ತಿಕೊಂಡು ಇಂಟರ್ನೆಟ್‌ನಲ್ಲಿ ಎಲ್ಲಿಗೋ ಕಳಿಸಿದಾಗ.

ಜಿಪಿಎಸ್ ಒಂದೇ ದಾರಿ ಅಲ್ಲ. ಸುತ್ತಮುತ್ತ ಯಾವ ಯಾವ ವೈಫೈ ರೂಟರ್ ಕಾಣುತ್ತಿದೆ ಅನ್ನುವುದರಿಂದಲೂ ಜಾಗ ಹೇಳಬಹುದು, ಯಾಕೆಂದರೆ ಯಾವ ರೂಟರ್ ಎಲ್ಲಿದೆ ಅನ್ನುವ ದೊಡ್ಡ ಪಟ್ಟಿಯನ್ನು ಗೂಗಲ್, ಆಪಲ್ ಥರದ ಕಂಪನಿಗಳು ವರ್ಷಗಳಿಂದ ಕಟ್ಟಿಕೊಂಡು ಬಂದಿವೆ. ಬ್ಲೂಟೂತ್ ಇದೆ. ಐಪಿ ವಿಳಾಸ, ಅಂದರೆ ಇಂಟರ್ನೆಟ್‌ಗೆ ಸೇರಿದಾಗ ಫೋನಿಗೆ ಸಿಗುವ ನಂಬರ್, ಅದರಿಂದಲೂ ಅಂದಾಜು ಊರು ಗೊತ್ತಾಗುತ್ತದೆ. ಮೊಬೈಲ್ ಟವರ್ ಅಂತೂ ಇದ್ದೇ ಇದೆ. ಸಿಮ್ ಕೆಲಸ ಮಾಡಬೇಕಾದರೆ ನೀವು ಯಾವ ಟವರ್ ಹತ್ತಿರ ಇದ್ದೀರಿ ಅಂತ ಕಂಪನಿಗೆ ಗೊತ್ತಿರಲೇಬೇಕು. ಕರೆಗಳ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಅಂತ ನಮ್ಮ ಟೆಲಿಕಾಂ ಲೈಸೆನ್ಸ್ ನಿಯಮವೇ ಹೇಳುತ್ತದೆ. 2021ರ ಕೊನೆಗೆ ಅದನ್ನು ಒಂದರಿಂದ ಎರಡು ವರ್ಷ ಮಾಡಿದರು. ಇದನ್ನು ಯಾವ ಸೆಟ್ಟಿಂಗ್ಸ್‌ನಿಂದಲೂ ನಿಲ್ಲಿಸಲು ಆಗುವುದಿಲ್ಲ. ನಿಲ್ಲಿಸುತ್ತೇವೆ ಅನ್ನುವ ಆಪ್ ಸಿಕ್ಕಿದರೆ ಅದನ್ನೇ ಮೊದಲು ಅಳಿಸಿ.

ಒಂದು ಜೋಡಿ ಅಂಕಿಯಲ್ಲಿ ಎಷ್ಟು ಅಡಗಿದೆ ನೋಡಿ. 12.9716, 77.5946. ಇದು ಬೆಂಗಳೂರು. ಇದರಲ್ಲಿ ದಶಮಾಂಶದ ನಂತರ ಒಂದೇ ಅಂಕಿ ಉಳಿಸಿದರೆ ಸುಮಾರು 11 ಕಿಲೋಮೀಟರ್ ಅಂದಾಜು, ಅಂದರೆ ಜಯನಗರವೋ ಯಶವಂತಪುರವೋ ಅನ್ನುವುದೂ ಖಾತ್ರಿ ಇಲ್ಲ. ನಾಲ್ಕು ಅಂಕಿ ಇದ್ದರೆ 11 ಮೀಟರ್. ಐದು ಇದ್ದರೆ ಒಂದು ಮೀಟರ್, ಅಂದರೆ ನೀವು ಮನೆ ಒಳಗಿದ್ದೀರೋ ಜಗಲಿಯಲ್ಲೋ ಅನ್ನುವಷ್ಟು. ಹೆಸರು ಬೇಕಾಗಿಯೇ ಇಲ್ಲ. ಒಂದು ಫೋನು ರಾತ್ರಿ ಎಲ್ಲಿ ಮಲಗುತ್ತದೆ, ಹಗಲು ಎಲ್ಲಿ ಕೂರುತ್ತದೆ, ಇಷ್ಟು ಸಾಕು. 2013ರಲ್ಲಿ ಸಂಶೋಧಕರು 15 ಲಕ್ಷ ಜನರ ಮೊಬೈಲ್ ಓಡಾಟದ ಮಾಹಿತಿ ಇಟ್ಟುಕೊಂಡು ನೋಡಿದಾಗ, ಜಾಗ ಮತ್ತು ಸಮಯದ ಬರೀ ನಾಲ್ಕು ಚುಕ್ಕೆ ಸಿಕ್ಕರೆ 95% ಜನರನ್ನು ಉಳಿದವರಿಂದ ಬೇರ್ಪಡಿಸಬಹುದು ಅಂತ ಗೊತ್ತಾಯಿತು. "ನಾವು ಹೆಸರು ತೆಗೆದೇ ಮಾರುತ್ತೇವೆ" ಅನ್ನುವ ಸಮಾಧಾನದ ಮಾತಿಗೆ ಇದೇ ಉತ್ತರ.

ಕೊಟ್ಟಿದ್ದು ಎಲ್ಲೆಲ್ಲಿಗೆ ಹೋಗುತ್ತದೆ

ಪಂಚಾಂಗದ ಆಪ್‌ಗೆ ತೀರಾ ಹತ್ತಿರದ ಒಂದು ನಿಜ ಘಟನೆ ಇದೆ. ಮುಸ್ಲಿಂ ಪ್ರೋ ಅಂತ ಒಂದು ಆಪ್, ಜಗತ್ತಿನಾದ್ಯಂತ ಕೋಟ್ಯಂತರ ಸಲ ಡೌನ್‌ಲೋಡ್ ಆಗಿರುವಂಥದ್ದು. ನಮಾಜಿನ ಸಮಯ, ಕಿಬ್ಲಾ ದಿಕ್ಕು (ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು) ತೋರಿಸುತ್ತದೆ. ಎರಡಕ್ಕೂ ಲೊಕೇಶನ್ ಬೇಕು, ಜನ ಕೊಟ್ಟರು. ಆ ಆಪ್ ಒಳಗೆ ಎಕ್ಸ್-ಮೋಡ್ ಅನ್ನುವ ಅಮೆರಿಕದ ಕಂಪನಿಯ ಕೋಡ್ ಇತ್ತು. ಹಾಗೆ ಸೇರಿದ ಮಾಹಿತಿಯನ್ನು ಎಕ್ಸ್-ಮೋಡ್ ಗುತ್ತಿಗೆದಾರರಿಗೆ ಮಾರುತ್ತಿತ್ತು, ಅವರ ಮೂಲಕ ಅದು ಅಮೆರಿಕದ ಸೇನೆಯವರೆಗೂ ಹೋಗುತ್ತಿತ್ತು ಅಂತ 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಸುದ್ದಿತಾಣ ಬಯಲು ಮಾಡಿತು. ಆಪ್‌ನವರು ನಂಟು ಕಡಿದುಕೊಂಡೆವು ಅಂದರು. ಮುಂದಿನ ತಿಂಗಳು ಆಪಲ್, ಗೂಗಲ್ ಎರಡೂ ಆ ಕೋಡ್ ಇರುವ ಆಪ್‌ಗಳಿಗೆ ಅದನ್ನು ತೆಗೆಯಿರಿ ಎಂದವು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆಸ್ಪತ್ರೆ, ಪ್ರಾರ್ಥನಾ ಮಂದಿರದಂಥ ಸೂಕ್ಷ್ಮ ಜಾಗಗಳ ಓಡಾಟ ಮಾರದಂತೆ ಆ ಕಂಪನಿಗೆ ನಿರ್ಬಂಧ ಹಾಕಿತು.

ಇಲ್ಲಿ ಗಮನಿಸಬೇಕಾದ್ದು ಎಸ್‌ಡಿಕೆ. ಆಪ್ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಜಾಹೀರಾತು ತೋರಿಸಲು, ನಕ್ಷೆ ತೋರಿಸಲು ಬೇರೆ ಕಂಪನಿಗಳ ಸಿದ್ಧ ಕೋಡ್, ಅಂದರೆ ಎಸ್‌ಡಿಕೆ, ತಂದು ಸೇರಿಸುತ್ತಾರೆ, ನಾವು ಅಂಗಡಿಯ ಸಾರಿನ ಪುಡಿ ತಂದು ಹಾಕಿದ ಹಾಗೆ. ಪ್ಯಾಕೆಟ್ ಒಳಗೆ ಏನಿದೆ ಅಂತ ಅಡುಗೆ ಮಾಡಿದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ನೀವು ಆಪ್‌ಗೆ ಕೊಟ್ಟ ಅನುಮತಿ ಅದರೊಳಗಿನ ಎಸ್‌ಡಿಕೆಗೂ ಕೊಟ್ಟ ಹಾಗೆಯೇ.

ಇನ್ನೊಂದು ದಾರಿ ಜಾಹೀರಾತಿನ ಹರಾಜು. ಉಚಿತ ಆಟ ಒಂದನ್ನು ತೆರೆದರೆ, ಕೆಳಗಡೆ ಜಾಹೀರಾತು ಬರುವುದಕ್ಕೆ ಮೊದಲು, ಕಣ್ಣು ಮಿಟುಕಿಸುವಷ್ಟರಲ್ಲಿ ಆ ಜಾಗಕ್ಕೆ ಹರಾಜು ನಡೆದಿರುತ್ತದೆ. ಕೂಗುವವರಿಗೆ ನಿಮ್ಮ ಫೋನಿನ ಜಾಹೀರಾತು ಐಡಿ, ಮಾಡೆಲ್, ಎಷ್ಟೋ ಸಲ ಲೊಕೇಶನ್ ಕೂಡ ಹೋಗಿರುತ್ತದೆ. ಗೆಲ್ಲುವವರು ಒಬ್ಬರೇ. ಸೋತವರೂ ಎಲ್ಲ ನೋಡಿರುತ್ತಾರೆ!

ಹೆಜ್ಜೆ 1: ಯಾರು ಎಷ್ಟು ಸಲ ಇಣುಕಿದ್ದಾರೆ ನೋಡಿ

ಸೆಟ್ಟಿಂಗ್ಸ್ ತೆರೆದು ಪ್ರೈವೆಸಿಗೆ ಹೋಗಿ, ಪ್ರೈವೆಸಿ ಡ್ಯಾಶ್‌ಬೋರ್ಡ್ ಒತ್ತಿ. ಕಳೆದ 24 ಗಂಟೆಯಲ್ಲಿ ಲೊಕೇಶನ್, ಕ್ಯಾಮೆರಾ, ಮೈಕ್ ಯಾರ್ಯಾರು ಬಳಸಿದ್ದಾರೆ ಅಂತ ಬರುತ್ತದೆ. ಲೊಕೇಶನ್ ಮೇಲೆ ಒತ್ತಿದರೆ ಗಂಟೆ ನಿಮಿಷದ ಸಮೇತ ಪಟ್ಟಿ. ಚಿಕ್ಕಮ್ಮನ ಫೋನಿನಲ್ಲಿ ರಾತ್ರಿ ಎರಡು ಗಂಟೆಗೆ, ಎರಡೂಕಾಲಿಗೆ, ಎರಡೂವರೆಗೆ, ಹೀಗೆ ಬೆಳಗಿನವರೆಗೆ ಪಂಚಾಂಗದ ಆಪ್ ಎದ್ದು ಎದ್ದು ನೋಡಿತ್ತು. ಆ ಹೊತ್ತಲ್ಲಿ ಯಾವ ರಾಹುಕಾಲ ಅಂತ ನಾನು ಕೇಳಿದರೆ ಚಿಕ್ಕಮ್ಮ ನಕ್ಕರು, ಚಿಕ್ಕಪ್ಪ ನಗಲಿಲ್ಲ. ಸುಮ್ನೆ ಎದ್ದು ಹೋಗಿ ತಮ್ಮ ಫೋನೂ ತಂದರು.

ಏನೂ ಬದಲಾಯಿಸುವ ಮೊದಲು ಈ ಪರದೆಯ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ವಾರ ಬಿಟ್ಟು ಹೋಲಿಸಿ ನೋಡಲು ಬೇಕಾಗುತ್ತದೆ.

ಹೆಜ್ಜೆ 2: ಮೂರು ಗುಂಪು ಮಾಡಿ

ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್, ಅದರಲ್ಲಿ ಆಪ್ ಪರ್ಮಿಷನ್ಸ್. ಇದೇ ಈ ಇಡೀ ಕೆಲಸದ ಮುಖ್ಯ ಭಾಗ, ಇಲ್ಲಿ ಅವಸರ ಮಾಡಬೇಡಿ. ಒಂದೊಂದು ಆಪ್ ಒತ್ತಿದಾಗ ನಾಲ್ಕು ಆಯ್ಕೆ ಕಾಣುತ್ತವೆ: ಯಾವಾಗಲೂ, ಆಪ್ ಬಳಸುವಾಗ ಮಾತ್ರ, ಪ್ರತಿ ಸಲ ಕೇಳಲಿ, ಬೇಡ. ಎಲ್ಲ ಆಪ್‌ಗೂ ನಾಲ್ಕೂ ಇರುವುದಿಲ್ಲ, ಪರವಾಗಿಲ್ಲ. ಅದರ ಕೆಳಗೆ "ಪ್ರಿಸೈಸ್ ಲೊಕೇಶನ್" ಅಂತ ಒಂದು ಸ್ವಿಚ್ ಇರುತ್ತದೆ. ಆಂಡ್ರಾಯ್ಡ್ 12ರಿಂದ ಬಂದ ಈ ಸಣ್ಣ ಸ್ವಿಚ್ ಇದೆಯಲ್ಲ, ಇದು ಬಂಗಾರ. ಆಫ್ ಮಾಡಿದರೆ ಆಪ್‌ಗೆ ಸಿಗುವುದು ಸುಮಾರು ಮೂರು ಚದರ ಕಿಲೋಮೀಟರ್‌ನ ಅಂದಾಜು ಮಾತ್ರ. ಊರು ಗೊತ್ತಾಗುತ್ತದೆ, ಗೇಟು ಗೊತ್ತಾಗುವುದಿಲ್ಲ.

ಬಾಗಿಲಿನವರೆಗೆ ಬರಬೇಕಾದವರು ಕಮ್ಮಿ. ನಕ್ಷೆ, ನಮ್ಮ ಯಾತ್ರಿ, ಊಬರ್, ಓಲಾ ಥರದವು. ಆಟೋದವರು ಬರಬೇಕಲ್ಲ, ಅಲ್ಲಿ ಪ್ರಿಸೈಸ್ ಬೇಕೇ ಬೇಕು. ಆದರೆ "ಬಳಸುವಾಗ ಮಾತ್ರ" ಸಾಕು, ಯಾವಾಗಲೂ ಬೇಡ. ಊಟ, ದಿನಸಿ ತರಿಸುವ ಆಪ್‌ಗಳಿಗೆ ವಿಳಾಸ ಒಮ್ಮೆ ಬರೆದಿಟ್ಟರೆ ಲೊಕೇಶನ್ ಇಲ್ಲದೆಯೂ ನಡೆಯುತ್ತದೆ. ನಾನು "ಪ್ರತಿ ಸಲ ಕೇಳಲಿ" ಇಟ್ಟಿದ್ದೇನೆ. ಯುಪಿಐ ಆಪ್‌ಗಳದ್ದು ಹಟ. ಹಲವು ಲೊಕೇಶನ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ, ಮೋಸ ತಡೆಯುವುದಕ್ಕೆ ಅನ್ನುತ್ತವೆ. ಜಗಳ ಬೇಡ, ಬಳಸುವಾಗ ಮಾತ್ರ ಕೊಡಿ.

ಊರು ಸಾಕಾಗುವವು: ಹವಾಮಾನ, ಪಂಚಾಂಗ, ಸುದ್ದಿ. ಇವಕ್ಕೆ ಪ್ರಿಸೈಸ್ ಆಫ್. ಪಂಚಾಂಗದ ಆಪ್‌ನಲ್ಲಿ ಊರಿನ ಹೆಸರು ಆರಿಸುವ ಪಟ್ಟಿ ಸಾಮಾನ್ಯವಾಗಿ ಇರುತ್ತದೆ, ಅದನ್ನು ಆರಿಸಿ ಲೊಕೇಶನ್ ಪೂರ್ತಿ ತೆಗೆದುಬಿಡುವುದು ಇನ್ನೂ ಒಳ್ಳೆಯದು.

ಉಳಿದದ್ದಕ್ಕೆ ಬೇಡ. ಟಾರ್ಚ್, ಕ್ಯಾಲ್ಕುಲೇಟರ್, ಕೀಬೋರ್ಡ್, ಗೇಮ್, ಫೋಟೋ ಎಡಿಟರ್, ಪಿಡಿಎಫ್ ಓದುವ ಆಪ್, ರಿಂಗ್‌ಟೋನ್ ಆಪ್. ಅನುಮಾನ ಇದ್ದರೂ "ಬೇಡ" ಒತ್ತಿ. ನಿಜವಾಗಿ ಬೇಕಾದ ದಿನ ಅದೇ ಬಾಯಿಬಿಟ್ಟು ಕೇಳುತ್ತದೆ, ಆಗ ಕೊಟ್ಟರಾಯಿತು. ಹೀಗೆ ಮಾಡಿ ನನ್ನ ಫೋನಿನಲ್ಲಿ ಕೆಟ್ಟು ಕೂತ ಆಪ್ ಒಂದೂ ಇಲ್ಲ.

ಲೊಕೇಶನ್ನನ್ನೇ ಪೂರ್ತಿ ಆಫ್ ಮಾಡಿ ಇಡಬಹುದಲ್ಲ ಅಂತ ಕೇಳುವವರಿದ್ದಾರೆ. ಇಡಬಹುದು. ಆದರೆ ಫೋನ್ ಕಳೆದುಹೋದಾಗ ಹುಡುಕಲು ಅದೇ ಬೇಕು. ಆನ್ ಇಟ್ಟು, ಕಾವಲು ಬಿಗಿ ಮಾಡುವುದೇ ನನಗೆ ಸರಿ ಅನಿಸುತ್ತದೆ.

ಐಫೋನ್ ಇದ್ದರೆ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್. ಅಲ್ಲೂ ಪ್ರಿಸೈಸ್ ಸ್ವಿಚ್ ಇದೆ, 2020ರಲ್ಲೇ ಬಂದಿದೆ. ಜೊತೆಗೆ ಟ್ರ್ಯಾಕಿಂಗ್ ಅನ್ನುವ ಕಡೆ ಹೋಗಿ, ಟ್ರ್ಯಾಕ್ ಮಾಡಲಾ ಅಂತ ಆಪ್‌ಗಳು ಕೇಳುವ ಅವಕಾಶವನ್ನೇ ಆಫ್ ಮಾಡಿ.

ಹೆಜ್ಜೆ 3: ಹಿಂಬಾಗಿಲು ಎರಡು

ವೈಫೈ ಆಫ್ ಮಾಡಿದ್ದೀನಿ ಅಂದುಕೊಂಡಿರುತ್ತೀರಿ. ಆದರೂ ಫೋನ್ ಸುತ್ತಲಿನ ರೂಟರ್ ಹುಡುಕುತ್ತಲೇ ಇರಬಹುದು. ಲೊಕೇಶನ್ ಒಳಗೆ ಲೊಕೇಶನ್ ಸರ್ವಿಸಸ್ ತೆರೆದು, ವೈಫೈ ಸ್ಕ್ಯಾನಿಂಗ್ ಮತ್ತು ಬ್ಲೂಟೂತ್ ಸ್ಕ್ಯಾನಿಂಗ್ ಎರಡನ್ನೂ ಆಫ್ ಮಾಡಿ.

ಮುಂದೆ ಜಾಹೀರಾತು ಐಡಿ. ಇದು ಅಂಕಿ ಅಕ್ಷರ ಸೇರಿ 36 ಚಿಹ್ನೆಗಳ ಒಂದು ಉದ್ದ ಸಾಲು, ನಿಮ್ಮ ಫೋನಿನ ಗಾಡಿ ನಂಬರ್ ಪ್ಲೇಟ್ ಅಂದುಕೊಳ್ಳಿ. ಬೇರೆ ಬೇರೆ ಆಪ್‌ಗಳು ಕೂಡಿಟ್ಟ ತುಣುಕುಗಳನ್ನು ಒಬ್ಬರದ್ದೇ ಅಂತ ಜೋಡಿಸುವ ದಾರ ಇದೇ. ಪ್ರೈವೆಸಿ, ಆಡ್ಸ್, ಅಲ್ಲಿ ಡಿಲೀಟ್ ಅಡ್ವರ್ಟೈಸಿಂಗ್ ಐಡಿ. ಒತ್ತಿ. ಜಾಹೀರಾತು ಬರುವುದು ನಿಲ್ಲುವುದಿಲ್ಲ, ಆದರೆ ನಿಮ್ಮ ತುಣುಕುಗಳನ್ನು ಜೋಡಿಸುವುದು ಕಷ್ಟವಾಗುತ್ತದೆ.

ಹೆಜ್ಜೆ 4: ಗೂಗಲ್ ಖಾತೆಯ ಒಳಗೆ

ಇಲ್ಲಿ ಒಂದು ಗೊಂದಲ ಇದೆ, ಬಹಳ ಜನ ಬಿದ್ದ ಹಳ್ಳ ಇದು. ಲೊಕೇಶನ್ ಹಿಸ್ಟರಿ ಆಫ್ ಮಾಡಿದರೆ ಗೂಗಲ್ ನನ್ನ ಓಡಾಟ ಉಳಿಸಿಕೊಳ್ಳುವುದಿಲ್ಲ ಅಂತ ಎಲ್ಲರೂ ನಂಬಿದ್ದರು. 2018ರ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ, ಅದು ಆಫ್ ಇದ್ದರೂ "ವೆಬ್ ಅಂಡ್ ಆಪ್ ಆಕ್ಟಿವಿಟಿ" ಅನ್ನುವ ಇನ್ನೊಂದು ಸೆಟ್ಟಿಂಗ್ ಮೂಲಕ ಜಾಗ ದಾಖಲಾಗುತ್ತದೆ ಅಂತ ತೋರಿಸಿತು. ಕೊನೆಗೆ 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳ ಜೊತೆ ಗೂಗಲ್ 39.15 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಆದ್ದರಿಂದ ಎರಡನ್ನೂ ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್, ಡೇಟಾ ಅಂಡ್ ಪ್ರೈವೆಸಿ. ವೆಬ್ ಅಂಡ್ ಆಪ್ ಆಕ್ಟಿವಿಟಿ ಒತ್ತಿ, ಆಫ್ ಮಾಡಿ. ಪೂರ್ತಿ ಆಫ್ ಬೇಡ ಅನಿಸಿದರೆ ಆಟೋ ಡಿಲೀಟ್‌ನಲ್ಲಿ ಮೂರು ತಿಂಗಳು ಇಡಿ. ಆಮೇಲೆ ಟೈಮ್‌ಲೈನ್. ಲೊಕೇಶನ್ ಹಿಸ್ಟರಿಗೆ ಈಗಿನ ಹೆಸರು ಅದು. ಈ ದಾಖಲೆಯನ್ನು ಸರ್ವರ್‌ನಿಂದ ತೆಗೆದು ಅವರವರ ಫೋನಿನಲ್ಲೇ ಇಡುತ್ತೇವೆ ಅಂತ ಗೂಗಲ್ 2023ರ ಡಿಸೆಂಬರ್‌ನಲ್ಲಿ ಹೇಳಿತು. ನನಗೆ ಟೈಮ್‌ಲೈನ್ ಇಷ್ಟ, ಯಾವ ಭಾನುವಾರ ಯಾವ ಬೆಟ್ಟಕ್ಕೆ ಹೋಗಿದ್ದೆ ಅಂತ ನೋಡಲು ಚೆನ್ನಾಗಿರುತ್ತದೆ. ಮೂರು ತಿಂಗಳಿಗೆ ಅಳಿಯುವ ಹಾಗೆ ಇಟ್ಟುಕೊಂಡಿದ್ದೇನೆ. ನಿಮಗೆ ಬೇಡವಾದರೆ ತೆಗೆಯಿರಿ.

ಹೆಜ್ಜೆ 5: ನಾವೇ ಹಂಚುವುದು

ಫೋಟೋ ತೆಗೆದಾಗ ಫೈಲ್ ಒಳಗೇ ಅಕ್ಷಾಂಶ ರೇಖಾಂಶ ಕೂತಿರಬಹುದು. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಆ ಮಾಹಿತಿ ಬಿದ್ದುಹೋಗುತ್ತದೆ, ಆದರೆ ಕ್ವಾಲಿಟಿ ಹಾಳಾಗಬಾರದು ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಬಾಡಿಗೆಗೆ ಮನೆ ಇದೆ ಅಂತ ಗೊತ್ತಿಲ್ಲದವರಿಗೆಲ್ಲ ಫೋಟೋ ಕಳಿಸುವವರು ಇದನ್ನು ನೆನಪಿಡಿ.

ಓಟ, ಸೈಕಲ್ ಆಪ್‌ಗಳಲ್ಲಿ ಮನೆಯಿಂದಲೇ ದಾಖಲೆ ಶುರು ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಇಂಥದ್ದೇ ಆಪ್ ನಡೆಸುವ ಸ್ಟ್ರಾವಾ ಕಂಪನಿ ಹಾಕಿದ ಜಗತ್ತಿನ ಓಡಾಟದ ನಕ್ಷೆಯಲ್ಲಿ ಸೇನಾ ನೆಲೆಗಳ ಒಳಗಿನ ದಾರಿಗಳೂ ಹೊಳೆಯುತ್ತಿವೆ ಅಂತ 2018ರ ಜನವರಿಯಲ್ಲಿ ಜನ ಕಂಡುಹಿಡಿದರು. ಸೈನಿಕರು ಮಾಡಿದ್ದು ಬೆಳಗಿನ ಓಟ, ಅಷ್ಟೇ. ನಿಮ್ಮ ಆಪ್‌ನಲ್ಲಿ ಶುರು ಮತ್ತು ಕೊನೆಯ ಜಾಗ ಮುಚ್ಚಿಡುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಕುಕ್ಕರಹಳ್ಳಿ ಕೆರೆ ಗೇಟಿಗೆ ಹೋದ ಮೇಲೆ ಆನ್ ಮಾಡಿದರಾಯಿತು.

ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರ ಒತ್ತಿ ಲೊಕೇಶನ್ ಶೇರಿಂಗ್ ನೋಡಿ. ಯಾರ ಹೆಸರಿದೆ? ಹಿಂದೆ ಯಾವುದೋ ಪ್ರವಾಸಕ್ಕೆ ಕೊಟ್ಟಿದ್ದು ಇನ್ನೂ ಓಡುತ್ತಿರಬಹುದು, ಅಥವಾ ನಿಮ್ಮ ಫೋನ್ ಹಿಡಿದು ಬೇರೆಯವರೇ ಆನ್ ಮಾಡಿರಬಹುದು. ಹೀಗೆ ಕಣ್ಗಾವಲು ಇಟ್ಟವರು ಮನೆಯಲ್ಲೇ ಇದ್ದು, ಅವರಿಂದ ನಿಮಗೆ ಭಯ ಇದ್ದರೆ, ತಕ್ಷಣ ಆಫ್ ಮಾಡಬೇಡಿ, ಅವರಿಗೆ ಗೊತ್ತಾಗಿಬಿಡುತ್ತದೆ. ಮೊದಲು ನಂಬಿಕಸ್ತರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ. ಅಪಾಯ ಎದುರಿಗೇ ಇದ್ದರೆ 112.

ವಾಟ್ಸಾಪ್ ಲೈವ್ ಲೊಕೇಶನ್ 15 ನಿಮಿಷ, ಒಂದು ಗಂಟೆ, ಎಂಟು ಗಂಟೆ ಅಂತ ಕೇಳುತ್ತದೆ. ರೈಲ್ವೆ ಸ್ಟೇಷನ್ನಿಗೆ ಬರುವ ಭಾವನಿಗೆ 15 ನಿಮಿಷ ಸಾಕು.

ಹೆಜ್ಜೆ 6: ನಂಬರ್, ಕಾಂಟ್ಯಾಕ್ಟ್ಸ್, ಆಧಾರ್

ಬಟ್ಟೆ ಅಂಗಡಿಯೊಂದರಲ್ಲಿ ಎರಡು ಕರವಸ್ತ್ರ ತೆಗೆದುಕೊಂಡೆ. ಮೊಬೈಲ್ ನಂಬರ್ ಇಲ್ಲದೆ ಬಿಲ್ ಆಗಲ್ಲ ಸಾರ್ ಅಂದಳು ಕೌಂಟರ್‌ನ ಹುಡುಗಿ. ಪಾಪ, ಅವಳ ತಪ್ಪಲ್ಲ, ಅವಳ ಕಂಪ್ಯೂಟರ್ ಆ ಖಾನೆ ತುಂಬದೆ ಮುಂದೆ ಹೋಗುತ್ತಿರಲಿಲ್ಲ. ಮ್ಯಾನೇಜರ್ ಕರೆಸಿ, ಗ್ರಾಹಕರ ನಂಬರ್‌ಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ ಅಂತ ಹೇಳಿದ ಮೇಲೆ ಅವರು ಅಂಗಡಿಯದ್ದೇ ನಂಬರ್ ಹಾಕಿ ಬಿಲ್ ಕೊಟ್ಟರು. ಹಿಂದೆ ನಿಂತ ಮೂರು ಜನ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆದರೂ ಕೇಳಿ. ನಯವಾಗಿ "ನಂಬರ್ ಕೊಡಲ್ಲ" ಅಂದರೆ ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ.

ಸಾಲದ ಆಪ್‌ಗಳ ವಿಷಯದಲ್ಲಿ ಮಾತ್ರ ಸಂಕೋಚ ಬೇಡವೇ ಬೇಡ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅವು ನಿಮ್ಮ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲ್‌ಗಳನ್ನು ಮುಟ್ಟುವಂತಿಲ್ಲ. ಕಾಂಟ್ಯಾಕ್ಟ್ಸ್ ಕೇಳಿದ ಸಾಲದ ಆಪ್ ಅಂದರೆ ನಾಳೆ ನಿಮ್ಮ ಮಾವನಿಗೆ ಫೋನ್ ಮಾಡಿ ಮರ್ಯಾದೆ ತೆಗೆಯುವ ಆಪ್. ಅಳಿಸಿ. ಬೆದರಿಕೆ ಬಂದರೆ ಸೈಬರ್ ಅಪರಾಧ ಸಹಾಯವಾಣಿ 1930.

ಆಧಾರ್ ಪ್ರತಿ ಎಲ್ಲೆಂದರಲ್ಲಿ ಕೊಡಬೇಡಿ. ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ, ಲಾಡ್ಜ್‌ಗೆ ಅದನ್ನೇ ಕೊಟ್ಟು ನೋಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತಲೂ ನೋಡಿ. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಹಾಕಬಹುದು.

ಕಾನೂನು ಎಲ್ಲಿಗೆ ಬಂದಿದೆ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರ ವಯಸ್ಸು 80 ದಾಟಿತ್ತು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು. ಮುಖ್ಯ ಭಾಗಕ್ಕೆ ಸಿದ್ಧರಾಗಲು ಕಂಪನಿಗಳಿಗೆ 18 ತಿಂಗಳು ಕೊಟ್ಟಿದ್ದಾರೆ. ಪೂರ್ತಿ ಜಾರಿಯಾದ ಮೇಲೆ ನನ್ನ ಬಗ್ಗೆ ನಿಮ್ಮ ಹತ್ತಿರ ಏನಿದೆ ಅಂತ ಕೇಳಬಹುದು, ತಿದ್ದಿಸಬಹುದು, ಅಳಿಸಿ ಅನ್ನಬಹುದು. ಒಪ್ಪಿಗೆ ಕೇಳುವ ಬರಹವನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು, ಯಾಕೆಂದರೆ ಎಂಟನೇ ಅನುಸೂಚಿಯ ಭಾಷೆಗಳೆಲ್ಲ ಅದರಲ್ಲಿ ಸೇರಿವೆ. ಆ ದಿನ ಬರಲಿ, ನಾನಂತೂ ಕನ್ನಡದಲ್ಲೇ ಕೇಳುತ್ತೇನೆ.

ಅಲ್ಲಿಯವರೆಗೆ ನಾಲ್ಕು ತಿಂಗಳಿಗೊಮ್ಮೆ, ಮತ್ತೆ ಫೋನಿಗೆ ದೊಡ್ಡ ಅಪ್‌ಡೇಟ್ ಬಂದಾಗ, ಹೆಜ್ಜೆ 2ಕ್ಕೆ ಹೋಗಿ ಒಂದು ಕಣ್ಣು ಹಾಯಿಸಿ.

ಚಿಕ್ಕಮ್ಮನ ಫೋನಿನಲ್ಲಿ 31 ಇದ್ದದ್ದು ಈಗ ಆರು. ನಕ್ಷೆ, ಆಟೋ ಆಪ್, ಯುಪಿಐ, ಫೋನ್ ಹುಡುಕುವ ಆಪ್, ವಾಟ್ಸಾಪ್, ಹವಾಮಾನ. ಪಂಚಾಂಗದಲ್ಲಿ ಪಟ್ಟಿಯಿಂದ ತಿಪಟೂರು ಆರಿಸಿಟ್ಟೆ. ಟಾರ್ಚ್ ಆಪ್ ಅಳಿಸಿದಾಗ ಮಾತ್ರ ಅವರಿಗೆ ಗಾಬರಿ, "ಕರೆಂಟ್ ಹೋದ್ರೆ ಏನ್ ಮಾಡ್ಲೋ" ಅಂತ. ಮೇಲಿಂದ ಪರದೆ ಎಳೆದು, ಫೋನಿನಲ್ಲೇ ಇರುವ ಟಾರ್ಚ್ ಗುಂಡಿ ತೋರಿಸಿದೆ. ನಾಲ್ಕು ವರ್ಷದಿಂದ ಅಲ್ಲೇ ಇತ್ತಂತೆ, ನೋಡಿರಲಿಲ್ಲ.